ಪಟ್ಟಿಯಲ್ಲಿ ಉಳಿದ ಒಬ್ಬ ಮಲ್ಲಮ್ಮ

ಹೋದ ತಿಂಗಳು ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಬಸ್ಸಿನಲ್ಲಿ ಒಬ್ಬ ಕುರಿಗಾರ ಅಜ್ಜ ನನ್ನ ಪಕ್ಕ ಬಂದು ಕೂತ. ಹೊರಗೆ ಮಳೆ ಹಿಡಿದಿತ್ತು. ಅವನ ಹೆಗಲ ಮೇಲಿನ ಕರಿ ಕಂಬಳಿ ತೊಯ್ದು ಭಾರವಾಗಿ ಜೋತು ಬಿದ್ದಿತ್ತು. ನಿನ್ನ ಸೀರಿಗೆ ನೀರು ಹತ್ತತದ, ಆ ಕಡಿ ಸರಿ ತಂಗಿ, ಅಂದ. ನಾನು ಸರಿಯಲಿಲ್ಲ. ಒದ್ದೆ ಉಣ್ಣೆ, ಒಲೆಯ ಹೊಗೆ, ಕುರಿಯ ಮೈ, ಎಲ್ಲಾ ಕೂಡಿದ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ಶಹಾಪುರದಲ್ಲಿ ಕಳೆದ ಒಂದು ಮಳೆಗಾಲದೊಳಗೆ ಹೋಗಿಬಿಟ್ಟಿದ್ದೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದನಂತೆ. ನನಗೆ ಕೇಳಿಸಲಿಲ್ಲ.

ಆಗ ನನಗೆ ಇಪ್ಪತ್ತಮೂರು. ನಮ್ಮದು ಭೀಮಾ ನದಿಯ ದಂಡೆಯ ಊರು. ಅಪ್ಪ ಮೀನು ಹಿಡಿಯುತ್ತಿದ್ದ, ಹೊಳೆ ತುಂಬಿದಾಗ ಹರಗೋಲು ಹಾಕಿ ಮಂದಿಯನ್ನು ದಾಟಿಸುತ್ತಿದ್ದ. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಮುಗಿಸಿದ ಮೇಲೆ ಎರಡು ವರ್ಷ ಒಂದರ ಹಿಂದೊಂದು ನೌಕರಿ ಪರೀಕ್ಷೆ ಬರೆದೆ. ಪ್ರತಿ ಸಲವೂ ಮೊಬೈಲಿನಲ್ಲಿ ಫಲಿತಾಂಶ ತೆಗೆದು, ಉದ್ದನೆಯ ಪಟ್ಟಿಯಲ್ಲಿ ನನ್ನ ನಂಬರ್ ಹುಡುಕಿ, ಸಿಗದೆ ಮೊಬೈಲನ್ನು ಮಗುಚಿ ಇಡುವುದೇ ಆಯಿತು. ಬರಬರುತ್ತ ನಾನು ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟೆ.

ಭೀಮರಾಯನಗುಡಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಚಿಗವ್ವ ಊರಿಗೆ ಬಂದವಳು ನನ್ನನ್ನು ನೋಡಿ ಗಾಬರಿಯಾದಳು. ಈ ಹುಡುಗಿ ಹಿಂಗೇ ಕುಂತ್ರ ಕುಂತಲ್ಲೇ ಒಣಗತಾಳ, ನನ್ನ ಕೂಡ ಕಳಸು ಅಂತ ಅವ್ವನಿಗೆ ಹೇಳಿ, ಮರುದಿನವೇ ನನ್ನನ್ನು ಕರೆದುಕೊಂಡು ಹೊರಟಳು. ಶಹಾಪುರದಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಸರ್ ಇದ್ದಾರೆ, ಒಳ್ಳೆಯ ಮನುಷ್ಯ ಎಂದು ಅವಳಿಗೆ ಹಾಸ್ಟೆಲ್ಲಿನ ಹುಡುಗಿಯರು ಹೇಳಿದ್ದರು. ಅಷ್ಟೇ ಆಧಾರ.

ಬಂದೇನವಾಜ್ ಸರ್ ಅವರ ಸೆಂಟರ್ ಒಂದು ಬೀಜದ ಅಂಗಡಿಯ ಮೇಲಿತ್ತು. ಆರು ಕಂಪ್ಯೂಟರ್, ಅವುಗಳಲ್ಲಿ ನಡೆಯುತ್ತಿದ್ದವು ನಾಲ್ಕು. ಕಿಟಕಿಯಿಂದ ಮಲಗಿದ ಬುದ್ಧನ ಆಕಾರದ ಗುಡ್ಡ ಕಾಣುತ್ತಿತ್ತು. ಸರ್ ಹೈದರಾಬಾದಿನಲ್ಲಿ ಬಹಳ ವರ್ಷ ವೆಬ್‌ಸೈಟ್ ಕೆಲಸ ಮಾಡಿ, ತಾಯಿಯ ಕಣ್ಣು ಮಂಜಾದಾಗ ಊರಿಗೆ ತಿರುಗಿ ಬಂದವರು. ಐವತ್ತರ ಹತ್ತಿರದ ವಯಸ್ಸು, ಸಣ್ಣ ದನಿ, ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ನು. ಏನು ಕಲೀತಿ ಅಂತ ಕೇಳಿದರು. ನನಗೆ ಏನು ಗೊತ್ತು? ನೀವು ಏನು ಕಲಿಸಿದ್ರೂ ಅಡ್ಡಿಯಿಲ್ರಿ ಅಂದೆ.

ಅವರು ಕಲಿಸಿದ್ದು ಪಿಎಚ್‌ಪಿ. ವೆಬ್ ಪುಟಗಳನ್ನು ದೂರದ ಯಂತ್ರದಲ್ಲಿ ತಯಾರು ಮಾಡಿ ಕಳಿಸುವ ಭಾಷೆ. ನಿಮ್ಮ ಚಿಗವ್ವ ಒಳಗ ರೊಟ್ಟಿ ಬಡೀತಾಳ, ಹುಡುಗೀರ ತಾಟಿಗೆ ಬರೋದು ರೊಟ್ಟಿ ಅಷ್ಟೇ, ಹಿಟ್ಟು ಒಲಿ ಯಾವುದೂ ಅವರಿಗೆ ಕಾಣಂಗಿಲ್ಲ, ಇದೂ ಹಂಗೇ ಅಂದರು. ಮೊದಲ ಹದಿನೈದು ದಿನ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಎಲ್ಲವನ್ನೂ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಸಿದರು. ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಯಂತ್ರ ಬೇಡ ಅನ್ನುವುದಿಲ್ಲ ಎಂದು ಗೊತ್ತಾದ ದಿನ ನನಗೆ ಒಂದು ಬಗೆಯ ಧೈರ್ಯ ಬಂತು. ಅಲ್ಲಿಯವರೆಗೆ ಆ ಭಾಷೆ ಯಾರದೋ ಮನೆಯ ಅಂಗಳದಂತೆ ಇತ್ತು.

ಅರೇ ಎಂಬುದರ ಪಾಠ ಬಂದದ್ದು ಮೂರನೇ ವಾರ. ಒಂದೇ ಹೆಸರಿನ ಅಡಿಯಲ್ಲಿ ಹತ್ತು, ನೂರು, ಸಾವಿರ ಸಂಗತಿಗಳನ್ನು ಸಾಲಾಗಿ ಇಡುವ ವ್ಯವಸ್ಥೆ ಅದು. ಸರ್ ಹಾಳೆಯ ಮೇಲೆ $ಮಂದಿ = []; ಎಂದು ಬರೆದು, ಇದು ಖಾಲಿ ಅರೇ, ಇನ್ನೂ ಯಾರೂ ಬಂದಿಲ್ಲ ಅಂದರು. ಅದರ ಕೆಳಗೆ $ಮಂದಿ[] = 'ರೇಣುಕಾ'; ಎಂದು ನನ್ನ ಹೆಸರು ಬರೆದರು. ಚೌಕ ಕಂಸವನ್ನು ಖಾಲಿ ಬಿಟ್ಟರೆ ಯಂತ್ರವೇ ಬಂದವರಿಗೆ ಮುಂದಿನ ನಂಬರ್ ಕೊಟ್ಟು ಕೂಡಿಸುತ್ತದೆ. ನಿನ್ನ ನಂಬರ್ ಎಷ್ಟು ಅಂತ ಕೇಳಿದರು. ಒಂದು ಅಂದೆ. ಅಲ್ಲ, ಸೊನ್ನೆ ಅಂದರು.

ನನಗೆ ನಗು ಬಂತು. ಮೊದಲು ಬಂದವಳು ಸೊನ್ನೆ ಹೇಗಾಗುತ್ತಾಳೆ? ಸರ್ ನಗಲಿಲ್ಲ. "ನಮ್ಮ ಸೆಂಟರ್ ಎಷ್ಟನೇ ಮಹಡಿ ಮ್ಯಾಲದ?" ಅಂತ ಕೇಳಿದರು. ಒಂದನೇದು ಅಂದೆ. "ಮತ್ತ ಕೆಳಗ ಬೀಜದ ಅಂಗಡಿ ಅದಲ್ಲ, ಅದು ಇಲ್ಲೇನು?" ಅಂದರು. ಅವತ್ತಿನಿಂದ ಇವತ್ತಿನವರೆಗೆ ನನಗೆ ಸೊನ್ನೆಯ ಲೆಕ್ಕ ತಪ್ಪಿಲ್ಲ.

ಮರುದಿನ ಇನ್ನೊಂದು ಬಗೆ ಹೇಳಿಕೊಟ್ಟರು. ನಂಬರ್ ಬದಲು ಹೆಸರನ್ನೇ ಕೀಲಿಯಾಗಿ ಇಟ್ಟು, ಒಂದು ಬಾಣದ ಗುರುತು ಹಾಕಿ, ಅದರ ಮುಂದೆ ಮಾಹಿತಿ ಇಡುವುದು. ಹೆಸರು ಕೂಗಿದರೆ ಮನುಷ್ಯ ಸಿಗುತ್ತಾನೆ. ನನಗೆ ಇದು ಎಷ್ಟು ಹಿಡಿಸಿತೆಂದರೆ ಅವತ್ತು ಬಸ್ಸಿನಲ್ಲಿ ಭೀಮರಾಯನಗುಡಿಗೆ ಹೋಗುವಾಗ ಟಿಕೆಟ್ಟಿನ ಹಿಂದೆ ನಮ್ಮ ಮನೆಯವರ ಹೆಸರನ್ನೆಲ್ಲ ಬಾಣ ಹಾಕಿ ಬರೆದೆ. ಎರಡು ವರ್ಷ ಬರೇ ನಂಬರ್ ಆಗಿ ಬದುಕಿದ್ದೆ ನೋಡ್ರಿ.

ಆ ವರ್ಷ ಮಳೆ ಬಂದಂತೆ ಮಾಡಿ ಹೋಯಿತು. ತೊಗರಿ ಬಿತ್ತಿದವರು ಮುಗಿಲು ನೋಡುತ್ತ ಕೂತಿದ್ದರು. ಕರಿ ನೆಲ ಬಾಯಿ ಬಿಟ್ಟಿತ್ತು, ಹುಲ್ಲು ಎಲ್ಲೂ ಇರಲಿಲ್ಲ. ಆದರೆ ನಮ್ಮ ಕಡೆ ಹೊಳೆಗೂ ಮುಗಿಲಿಗೂ ಸಂಬಂಧ ಕಡಿಮೆ. ಎಲ್ಲೋ ಪಶ್ಚಿಮದ ಘಟ್ಟದಲ್ಲಿ ಸುರಿದ ಮಳೆ ಅಣೆಕಟ್ಟು ತುಂಬಿಸುತ್ತದೆ, ಅಲ್ಲಿಂದ ನೀರು ಬಿಟ್ಟರೆ ಇಲ್ಲಿ ಸುಡು ಬಿಸಿಲಿನಲ್ಲೇ ಕೃಷ್ಣೆ ಏರುತ್ತಾಳೆ. ಹುಲ್ಲಿಲ್ಲದ ವರ್ಷ ಕುರಿಗಾರರು ಹಸಿರು ಹುಡುಕಿಕೊಂಡು ಹೊಳೆಯೊಳಗಿನ ನಡುಗಡ್ಡೆಗೆ ಕುರಿ ಇಳಿಸುತ್ತಾರೆ. ಮೇಲೆ ಮೋಡವೇ ಇಲ್ಲ, ಹೆದರಿಕೆ ಯಾಕೆ ಬರಬೇಕು? ಹಿಂದಿನ ವರ್ಷ ಹಾಗೆ ಇಳಿಸಿದ ಒಂದು ಹಿಂಡು ಪೂರ್ತಿ ಕೊಚ್ಚಿ ಹೋಗಿತ್ತು. ಕಾಯುತ್ತಿದ್ದ ಅಣ್ಣತಮ್ಮರು ಜಾಲಿ ಗಿಡ ಹಿಡಿದು ಒಂದು ಹಗಲು ಕೂತು ಬದುಕಿದ್ದರು.

ಆ ಹಿಂಡಿಗೆ ಲಸಿಕೆ ಹಾಕಿದ್ದವರು ಸುಮಂಗಲಾ ಡಾಕ್ಟರ್. ಕುರಿ-ದನಗಳ ಡಾಕ್ಟರಾಗಿ ನದಿ ದಂಡೆಯ ಹಳ್ಳಿಗಳನ್ನೆಲ್ಲ ಸುತ್ತಿದ ಹೆಣ್ಣುಮಗಳು. ಅವರು ಒಂದು ದಿನ ನಾಲ್ಕು ನೋಟ್‌ಬುಕ್ ಹಿಡಿದು ಸೆಂಟರಿಗೆ ಬಂದರು. ಶಹಾಪುರ ಕಡೆಯ ಮೂರು ಊರು, ಸುರಪುರ ಕಡೆಯದೊಂದು, ಊರಿಗೊಂದು ನೋಟ್‌ಬುಕ್. ಅಲ್ಲಿನ ಸ್ವಸಹಾಯ ಗುಂಪಿನ ಹೆಂಗಸರು ಕುರಿ ಇರುವ ಪ್ರತಿಯೊಂದು ಮನೆಗೆ ಹೋಗಿ ಹೆಸರು, ಫೋನ್ ನಂಬರ್, ಕುರಿ ಎಲ್ಲಿ ಮೇಯುತ್ತವೆ ಎಂಬುದನ್ನು ಬರೆದಿದ್ದರು. ನೀರು ಬಿಡುವ ಸುದ್ದಿ ಊರಿಗೆ ಬರುತ್ತದೆ, ಡಂಗುರವೂ ಆಗುತ್ತದೆ, ಆದರೆ ನಡುಗಡ್ಡೆಯಲ್ಲಿ ಇರುವವರಿಗೆ ಡಂಗುರ ಕೇಳಿಸುವುದಿಲ್ಲ. ಒಂದು ಪುಟ ಮಾಡಿಕೊಡಿ, ಊರ ಹೆಸರು ಒತ್ತಿದರೆ ಆ ಊರಿನ ಕುರಿಗಾರರ ಹೆಸರು ನಂಬರ್ ಬರಬೇಕು, ನಾವು ಕೂತು ಒಬ್ಬೊಬ್ಬರಿಗೆ ಫೋನ್ ಹಚ್ಚುತ್ತೇವೆ, ಅಂದರು.

ಸರ್ ನೋಟ್‌ಬುಕ್‌ಗಳನ್ನು ನನ್ನ ಮುಂದೆ ಇಟ್ಟರು. ನೀನೇ ಮಾಡಬೇಕು ಅಂದರು. ಯಾರಾದರೂ ನನ್ನ ಮೇಲೆ ಒಂದು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.

ಅದೇ ವಾರ ಅವರು ತಾಯಿಯ ಕಣ್ಣಿನ ಆಪರೇಷನ್‌ಗೆ ಹೈದರಾಬಾದಿಗೆ ಹೋಗಬೇಕಾಯಿತು. ಹೋಗುವಾಗ ಹೇಳಿದ್ದು ಇಷ್ಟೇ: ಖಾಲಿ ಕಂಸದಿಂದ ಒಬ್ಬೊಬ್ಬರನ್ನೇ ಸಾಲಿಗೆ ಸೇರಿಸುತ್ತ ಹೋಗು, ಸಾದಾ ಕೆಲಸ, ನಾ ಬಂದು ನೋಡ್ತೀನಿ. ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ ನೋಟ್‌ಬುಕ್ ತೆರೆದು ಕೂತರೆ, ಅಷ್ಟೊಂದು ಮಂದಿಯನ್ನು ಸೊನ್ನೆ, ಒಂದು, ಎರಡು ಎಂದು ಕೂಡಿಸಲು ಮನಸ್ಸು ಬರಲಿಲ್ಲ. ಎಲ್ಲರನ್ನೂ ಹೆಸರಿನಿಂದಲೇ ಇಟ್ಟೆ. ಹೆಸರು ಕೀಲಿ, ಬಾಣದ ಮುಂದೆ ಫೋನ್ ನಂಬರ್. ನನಗೆ ಅದು ಹೆಚ್ಚು ಮರ್ಯಾದೆಯ ಕೆಲಸ ಅನ್ನಿಸಿತು. ಒಂಬತ್ತು ದಿನ ಕೂತು ನಾಲ್ಕೂ ಊರು ಮುಗಿಸಿದೆ. ಸರ್ ಬಂದು ಪುಟ ತೆರೆದು, ಊರೂರು ಒತ್ತಿ ನೋಡಿ, ಚಲೋ ಆಗ್ಯದ ಅಂದರು. ತಾಯಿಯ ಕಣ್ಣಿಗೆ ಹೊತ್ತಿಗೆ ಸರಿಯಾಗಿ ಹನಿ ಹಾಕಬೇಕಿತ್ತು, ಬೇಗ ಮನೆಗೆ ಹೋದರು. ಅವತ್ತು ಚಿಗವ್ವ ನನಗಾಗಿ ಶೇಂಗಾ ಹೋಳಿಗೆ ಮಾಡಿದಳು.

ಶ್ರಾವಣದ ಒಂದು ಮುಂಜಾನೆ ಸುದ್ದಿ ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ನಮ್ಮ ಊರುಗಳ ಕಡೆ ಹೊಳೆ ಏರಬಹುದು. ಮುಗಿಲು ತೊಳೆದಿಟ್ಟಂತೆ ಇತ್ತು. ಡಾಕ್ಟರು, ನಾನು, ಸರ್, ಮೂವರೂ ಸೆಂಟರಿನಲ್ಲಿ ಮೂರು ಫೋನ್ ಹಿಡಿದು ಕೂತೆವು. ನಾನು ಮಾಡಿದ ಪುಟ ತೆರೆದಿತ್ತು. ಹೆಸರು ನೋಡಿ ಫೋನ್ ಹಚ್ಚುವುದು, ಹೇಳುವುದು, ಮುಂದಿನ ಹೆಸರು. ಕೆಲವರು ಆಗಲೇ ಕುರಿ ಮೇಲೆ ಹತ್ತಿಸಿದ್ದರು. ಕೆಲವರು, ನೀ ಯಾರವ್ವ, ನನ್ನ ಹೆಸರು ನಿನಗ ಹೆಂಗ ಮಾಲೂಮ್ ಅಂತ ಕೇಳಿದರು. ಹತ್ತು ಗಂಟೆಗೆಲ್ಲ ನಾಲ್ಕೂ ಊರು ಮುಗಿಯಿತು. ಡಾಕ್ಟರು ನನ್ನ ಬೆನ್ನು ತಟ್ಟಿ, ಬೇರೆ ಊರುಗಳ ಕಡೆ ಜೀಪಿನಲ್ಲಿ ಹೊರಟರು. ಸರ್ ಚಹಾ ತರಿಸಿದರು.

ಚಹಾ ಕುಡಿಯುತ್ತ ನಾನು, ಬರೇ ಖುಷಿಗೆ, ಕಡೆಯ ಊರಿನ ನೋಟ್‌ಬುಕ್ ತೆಗೆದು ನೋಡುತ್ತಿದ್ದೆ. ಅದರಲ್ಲಿ ಆ ಹೆಂಗಸರು ಹೆಸರುಗಳಿಗೆ ಕ್ರಮಸಂಖ್ಯೆ ಹಾಕಿದ್ದರು. ಕೊನೆಯ ಸಂಖ್ಯೆ ಅರವತ್ತನಾಲ್ಕು. ಪುಟದ ಮೇಲೆ ಎಣಿಸಿದೆ. ಅರವತ್ತೊಂದು. ಮತ್ತೆ ಎಣಿಸಿದೆ. ಅರವತ್ತೊಂದೇ. ಕೈಯಲ್ಲಿನ ಕಪ್ಪು ಕೆಳಗಿಟ್ಟೆ. ಸರ್ ನನ್ನ ಮುಖ ನೋಡಿ ಎದ್ದು ಬಂದರು.

ಅವರು ನೋಟ್‌ಬುಕ್ಕಿನ ಮೇಲೆ ಬೆರಳು ಇಳಿಸುತ್ತ ಬಂದು ಒಂದು ಕಡೆ ನಿಂತರು. ಮಲ್ಲಮ್ಮ. ಹತ್ತು ಹೆಸರು ದಾಟಿ ಮತ್ತೊಬ್ಬ ಮಲ್ಲಮ್ಮ. ಮುಂದಿನ ಹಾಳೆಯಲ್ಲಿ ಇನ್ನೊಬ್ಬಳು. ಹಾಗೆಯೇ ದೇವಪ್ಪ ಇಬ್ಬರು. ಮೈಲಾಪುರದ ಮಲ್ಲಯ್ಯನಿಗೆ ನಡೆದುಕೊಳ್ಳುವ ಸೀಮೆ ನಮ್ಮದು, ಕುರಿ ಇರುವ ಮನೆಯಲ್ಲಿ ಒಬ್ಬ ಮಲ್ಲಪ್ಪನೋ ಮಲ್ಲಮ್ಮನೋ ಇದ್ದೇ ಇರುತ್ತಾರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಅರೇಯಲ್ಲಿ ಒಂದು ಕೀಲಿಗೆ ಒಂದೇ ಜಾಗ. ಅದೇ ಹೆಸರಿನಿಂದ ಎರಡನೆಯವರನ್ನು ಇಟ್ಟರೆ ಯಂತ್ರ ಮೊದಲಿನವರನ್ನು ತೆಗೆದು ಆ ಜಾಗದಲ್ಲಿ ಇವರನ್ನು ಕೂಡಿಸುತ್ತದೆ. ತಪ್ಪಾಯಿತು ಎಂದು ಹೇಳುವುದಿಲ್ಲ, ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮೂವರು ಮಲ್ಲಮ್ಮಂದಿರಲ್ಲಿ ಪುಟದ ಮೇಲೆ ಉಳಿದವಳು ಕಡೆಯಲ್ಲಿ ಬರೆದ ಒಬ್ಬಳು ಮಾತ್ರ.

ಉಳಿದ ಮೂರೂ ಊರುಗಳನ್ನು ಸರ್ ತಾವೇ ಎಣಿಸಿದರು. ಅಲ್ಲಿ ಕಡಿಮೆಯಾಗಿದ್ದವರು ನಾಲ್ಕು ಜನ. ಒಬ್ಬೊಬ್ಬರಿಗೂ ಫೋನ್ ಹಚ್ಚಿದೆವು, ಎಲ್ಲರೂ ಊರೊಳಗೇ ಇದ್ದರು. ಕಡೆಯ ಊರಿನ ದೇವಪ್ಪನೂ ಒಬ್ಬ ಮಲ್ಲಮ್ಮನೂ ಸಿಕ್ಕರು. ಮೊದಲ ಮಲ್ಲಮ್ಮನ ಫೋನ್ ಬಂದ್ ಆಗಿತ್ತು. ಅವಳ ಹೆಸರಿನ ಮುಂದೆ, ಕುರಿ ಮೇಯುವ ಜಾಗ ಎಂಬಲ್ಲಿ, ಯಾರೋ ಸೊಟ್ಟ ಅಕ್ಷರದಲ್ಲಿ ನಡುಗಡ್ಡಿ ಅಂತ ಬರೆದಿದ್ದರು.

ನನಗೆ ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಸರ್ ಕೆಳಗೆ ಇಳಿದು ಬೀಜದ ಅಂಗಡಿಯವರ ಗೂಡ್ಸ್ ಆಟೋ ಕೇಳಿದ್ದು, ಅವರು ಏನೂ ಪ್ರಶ್ನೆ ಮಾಡದೆ ಚಾವಿ ಕೊಟ್ಟಿದ್ದು, ಹತ್ತಿ ಹೊಲಗಳ ನಡುವಿನ ರಸ್ತೆ, ಹ್ಯಾಂಡಲ್ ಗಟ್ಟಿ ಹಿಡಿದ ಸರ್ ಅವರ ಕೈ. ದಾರಿಯುದ್ದಕ್ಕೂ ನಾನು ಆ ಒಂದು ನಂಬರಿಗೆ ಫೋನ್ ಹಚ್ಚುತ್ತಲೇ ಇದ್ದೆ. ನಾನು ಅತ್ತು ನಂದೇ ತಪ್ಪು, ನೀವು ಹೇಳಿದಂಗ ಮಾಡಲಿಲ್ಲ ಅಂದಾಗ ಸರ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಗಲತಿ ನಂದೂ ಅದ ರೇಣುಕಾ. ನಾ ನೋಡಿದೆ, ಎಣಿಸಲಿಲ್ಲ. ಈಗ ಅದರ ಮಾತು ಬ್ಯಾಡ. ಮೊದಲು ಆ ಹೆಣ್ಣುಮಗಳನ್ನ ನೋಡೋಣ."

ನಾವು ದಂಡೆಗೆ ಮುಟ್ಟಿದಾಗ ಹೊಳೆ ಇನ್ನೂ ಪೂರ್ತಿ ಬಂದಿರಲಿಲ್ಲ. ಆದರೆ ಬಣ್ಣ ಬದಲಾಗಿತ್ತು. ನಾನು ಹೊಳೆಯ ಮಗ್ಗುಲಲ್ಲಿ ಬೆಳೆದವಳು, ಆ ಕೆಂಪು ಮತ್ತು ಅಂಚಿಗೆ ಕಟ್ಟಿದ ನೊರೆ ಕಂಡರೆ ಏನು ಬರುತ್ತಿದೆ ಎಂದು ತಿಳಿಯುತ್ತದೆ. ದಂಡೆಗೂ ನಡುಗಡ್ಡೆಗೂ ನಡುವಿನ ಸಣ್ಣ ಹರಿವು ಮೊಳಕಾಲು ಮಟ್ಟದಿಂದ ತೊಡೆಮಟ್ಟಕ್ಕೆ ಬಂದಿತ್ತು. ಆಚೆ, ಜಾಲಿ ಗಿಡಗಳ ಸಾಲಿನ ಹಿಂದೆ, ಕುರಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಅವುಗಳ ನಡುವೆ ಒಂದು ಕೆಂಪು ಸೀರೆ.

ಕೂಗಿದೆವು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ದನಿ ಆಚೆ ಮುಟ್ಟಲಿಲ್ಲ. ದಂಡೆಯ ಮೇಲೆ ಬಲೆ ಸುತ್ತುತ್ತಿದ್ದ ಹಣಮಂತ ಕಾಕಾ ಎಂಬ ಮೀನುಗಾರ ಓಡಿ ಬಂದ. ಅವನ ಹರಗೋಲು ಅಲ್ಲೇ ಬೋರಲು ಹಾಕಿತ್ತು. ಒಬ್ಬನೇ ಹೋದರೆ ಮರಿಗಳನ್ನು ಹಿಡಿಯುವವರು ಯಾರು, ಯಾರರೆ ಬರ್ರಿ ಅಂದ. ಸರ್‌ಗೆ ಈಜು ಬರುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಹತ್ತಿದೆ. ಹರಗೋಲಿನಲ್ಲಿ ಎಲ್ಲಿ ಕೂಡಬೇಕು, ತಿರುಗಿದಾಗ ಮೈ ಎತ್ತ ಬಾಗಿಸಬೇಕು ಎಂದು ನಾನು ಆರು ವರ್ಷದವಳಿದ್ದಾಗಲೇ ಅಪ್ಪ ಕಲಿಸಿದ್ದ. ಅವತ್ತು ಅದಕ್ಕೂ ನಾನು ಕೈಮುಗಿಯಬೇಕು.

ಮಲ್ಲಮ್ಮನಿಗೆ ಐವತ್ತೈದರ ಮೇಲಿರಬೇಕು. ಒಣಕಲು ಮೈ, ಹಣೆಯ ತುಂಬ ಭಂಡಾರದ ಅರಿಷಿಣ, ಹೆಗಲ ಮೇಲೆ ಕಂಬಳಿ. ಹರಗೋಲು ಬಂದದ್ದು ನೋಡಿಯೇ ಅವಳಿಗೆ ಅರ್ಥವಾಯಿತು. ಹಿಂಡಿನ ಮುಂದಾಳು ಟಗರಿನ ಕೊರಳಿಗೆ ಹಗ್ಗ ಹಾಕಿ ನೀರಿಗೆ ಇಳಿಸಿದಳು. ಅದು ಇಳಿದರೆ ಉಳಿದವು ಇಳಿಯುತ್ತವೆ. ಅದು ಇಳಿಯಲಿಲ್ಲ. ಅವಳು ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಅಂದಳು, ಬೈದಳೋ ಮುದ್ದು ಮಾಡಿದಳೋ ತಿಳಿಯದು, ಆಮೇಲೆ ತಾನೇ ಮೊದಲು ನೀರಿಗೆ ಕಾಲಿಟ್ಟಳು. ಟಗರು ಹಿಂದೆ ಹೋಯಿತು. ಅದರ ಹಿಂದೆ ಇಡೀ ಹಿಂಡು ಒದರುತ್ತ ಇಳಿಯಿತು.

ನಾನು ಮರಿಗಳನ್ನು ಎತ್ತೆತ್ತಿ ಹರಗೋಲಿಗೆ ಹಾಕಿದೆ. ಮೂರು ಸಲ ಹೋಗಿ ಬಂದೆವು. ಮೂರನೇ ಸಲ ತಿರುಗುವಾಗ ಹರಿವು ಎದೆಮಟ್ಟ ಆಗಿತ್ತು, ಹರಗೋಲು ಬುಗುರಿಯಂತೆ ತಿರುಗಿ ನಾವು ಬಹಳ ಕೆಳಗೆ ಹೋಗಿ ದಂಡೆ ಹಿಡಿದೆವು. ಸರ್ ಸೊಂಟದವರೆಗೆ ನೀರಿನಲ್ಲಿ ನಿಂತು ಬಂದ ಕುರಿಗಳನ್ನು ಒಂದೊಂದಾಗಿ ಮೇಲೆ ಎಳೆಯುತ್ತಿದ್ದರು. ಕಿಸೆಯಲ್ಲಿನ ಎರಡೂ ಪೆನ್ನು ಎಲ್ಲಿ ಹೋದವೋ.

ಒಂದು ಗಬ್ಬದ ಕುರಿ ಮಾತ್ರ ಹೋಯಿತು. ನಮ್ಮ ಕಣ್ಣ ಮುಂದೆಯೇ ಕಾಲು ತಪ್ಪಿ, ಒಂದು ಸಲ ತಲೆ ಎತ್ತಿ, ಆಮೇಲೆ ಕಾಣಲಿಲ್ಲ. ಮಲ್ಲಮ್ಮ ಅದು ಹೋದ ದಿಕ್ಕಿಗೆ ಎಷ್ಟೋ ಹೊತ್ತು ನೋಡಿದಳು. ಅರ್ಧ ತಾಸಿನಲ್ಲಿ ಅವಳು ನಿಂತಿದ್ದ ನಡುಗಡ್ಡೆಯ ಜಾಗದಲ್ಲಿ ಜಾಲಿ ಗಿಡಗಳ ತುದಿ ಮಾತ್ರ ಉಳಿದಿದ್ದವು.

ದಂಡೆಯ ಮೇಲಿನ ಬೇವಿನ ಗಿಡದ ಕೆಳಗೆ ಎಲ್ಲರೂ ಕೂತೆವು. ನಾನು ನಡುಗುತ್ತಿದ್ದೆ. ಮಲ್ಲಮ್ಮ ತನ್ನ ತೊಯ್ದ ಕಂಬಳಿಯನ್ನು ಹಿಂಡಿ ನನಗೆ ಹೊದಿಸಿದಳು. ಆಗ ನನಗೆ ತಡೆಯಲಾಗಲಿಲ್ಲ. ನಿನ್ನ ಹೆಸರು ನನ್ನ ಪಟ್ಟಿಯಲ್ಲಿ ಇತ್ತು ಅವ್ವ, ನಾನೇ ಅಳಿಸಿಬಿಟ್ಟೆ, ಮುಂಜಾನೆಯೇ ನಿನಗೆ ಸುದ್ದಿ ಬರಬೇಕಿತ್ತು, ಆ ಕುರಿ ನನ್ನಿಂದ ಹೋಯಿತು ಅಂದೆ. ಹೇಗೆ ಅಳಿಸಿದೆ ಅಂತ ಕೇಳಿದಳು. ಮೂರು ಜನ ಮಲ್ಲಮ್ಮ, ಒಂದೇ ಜಾಗ, ಎಂದು ಬಿಕ್ಕುತ್ತ ಹೇಳಿದೆ. ಅವಳು ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ನಮ್ಮೂರಾಗ ಬರೇ ಮಲ್ಲಮ್ಮ ಅಂತ ಯಾರು ಕರೀತಾರ ತಂಗಿ? ಕರದ್ರ ಮೂರು ಮಂದಿ ಓ ಅಂತಾರ. ಗುಡಿ ಮುಂದಿನ ಮಲ್ಲಮ್ಮ, ಸಣ್ಣ ಮಲ್ಲಮ್ಮ, ನಾ ಕುರಿ ಮಲ್ಲಮ್ಮ. ನೀ ನಮ್ಮೂರಿಗೆ ಬಂದು ಒಂದು ಮಾತು ಕೇಳಿದ್ರ ಹೇಳ್ತಿದ್ದೆವಲ್ಲ."

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ನಾನು ಒಂಬತ್ತು ದಿನ ಅವರ ಹೆಸರು ಬರೆದಿದ್ದೆ, ಒಂದು ದಿನವೂ ಅವರ ಊರಿಗೆ ಹೋಗಿರಲಿಲ್ಲ. ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

ಮುಂದಿನ ವಾರ ಡಾಕ್ಟರು ನಾಲ್ಕೂ ಊರಿನ ಗುಂಪುಗಳ ಹೆಂಗಸರನ್ನು ಸೆಂಟರಿಗೆ ಕರೆಸಿದರು. ಸರ್ ಎದ್ದು ನಿಂತು, ಪುಟದಲ್ಲಿ ತಪ್ಪಾಗಿತ್ತು, ನೋಡಿ ಪಾಸು ಮಾಡಿದವನು ನಾನು ಎಂದು ಹೇಳಲು ಶುರು ಮಾಡಿದರು. ನಾನು ನಡುವೆ ಎದ್ದು, ಮಾಡಿದವಳು ನಾನ್ರಿ ಅಂದೆ. ಇನ್ನು ನನ್ನನ್ನು ಮನೆಗೆ ಕಳಿಸುತ್ತಾರೆ, ಮತ್ತೆ ಮೊಬೈಲ್ ಮಗುಚಿ ಇಟ್ಟು ಕೂಡುವುದೇ ಎಂದು ಗಟ್ಟಿಯಾಗಿ ತಿಳಿದಿದ್ದೆ. ಆ ಹೆಂಗಸರು ಬೈಯಲಿಲ್ಲ. ಒಬ್ಬಾಕೆ, ನಾವರೆ ಅಡ್ಡಹೆಸರು ಬರೀಬೇಕಿತ್ತು, ಮಂದಿಗೆ ನಾಚಿಕಿ ಆಗಬಾರದು ಅಂತ ಬಿಟ್ಟಿದ್ವಿ ಅಂದಳು. ಎಲ್ಲರೂ ಹೋದ ಮೇಲೆ ಸರ್ ಒಂದು ಹೊಸ ಹಾಳೆ ಮತ್ತು ಹೊಸ ಪೆನ್ನು ನನ್ನ ಮುಂದೆ ಇಟ್ಟರು.

"ಮೊದಲಿಂದ ಬರಿ," ಅಂದರು.

$ಮಂದಿ = []; ಎಂದು ಬರೆದೆ. ಈ ಸಲ ಖಾಲಿ ಕಂಸದಿಂದ ಒಬ್ಬೊಬ್ಬರನ್ನೇ ಸಾಲಿಗೆ ಸೇರಿಸಿದೆ. ಆದರೆ ಪ್ರತಿ ಜಾಗದಲ್ಲಿ ಇನ್ನೊಂದು ಸಣ್ಣ ಅರೇ ಇಟ್ಟೆ. ಅದರೊಳಗೆ ಹೆಸರು, ಊರಿನವರು ಕರೆಯುವ ಹೆಸರು, ಫೋನ್, ಪಕ್ಕದ ಮನೆಯವರ ಫೋನ್, ಕುರಿ ಮೇಯುವ ಜಾಗ. ಅರೇಯ ಒಳಗೆ ಅರೇ ಇಡಬಹುದು ಎಂದು ಸರ್ ಅವತ್ತೇ ಹೇಳಿಕೊಟ್ಟರು. ಸಾಲಿನ ನಂಬರ್ ಯಾರನ್ನೂ ಸಣ್ಣವರನ್ನಾಗಿ ಮಾಡುವುದಿಲ್ಲ, ಒಬ್ಬರ ಜಾಗ ಇನ್ನೊಬ್ಬರು ಕಸಿಯದಂತೆ ಕಾಯುತ್ತದೆ ಎಂಬುದು ನನಗೆ ಆಗ ತಿಳಿಯಿತು. ಕೊನೆಗೆ, ಪುಟದ ತಲೆಯ ಮೇಲೆ, ಅರೇಯಲ್ಲಿ ಎಷ್ಟು ಜನ ಇದ್ದಾರೆ ಎಂದು ಯಂತ್ರವೇ ಎಣಿಸಿ ತೋರಿಸುವಂತೆ ಒಂದು ಸಾಲು ಸೇರಿಸಿದೆವು. ಅದರ ಪಕ್ಕದಲ್ಲಿ ನೋಟ್‌ಬುಕ್ಕಿನ ಎಣಿಕೆ. ಎರಡೂ ಒಂದೇ ಇರಬೇಕು.

ಊರೂರು ತಿರುಗಿ ಅಡ್ಡಹೆಸರು ಬರೆದುಕೊಂಡು ಬರಲು ನನಗೆ ಮೂರು ವಾರ ಹಿಡಿಯಿತು. ಕಡೆಯ ಊರಿನಲ್ಲಿ ನನ್ನ ಜೊತೆ ಮನೆಮನೆ ತಿರುಗಿದವಳು ಕುರಿ ಮಲ್ಲಮ್ಮ. ಬಾಗಿಲಲ್ಲಿ ನಿಂತು, ಇಕಿ ನನ್ನ ಹೊಳಿಯಿಂದ ತಂದಾಕಿ ಅಂತ ಪರಿಚಯ ಮಾಡಿಸುತ್ತಿದ್ದಳು. ಮೊದಲು ಅಳಿಸಿದವಳೂ ನಾನೇ ಎಂದು ಒಮ್ಮೆಯೂ ಹೇಳಲಿಲ್ಲ. ಅವಳ ಮನೆಯಲ್ಲಿ ಪುಂಡಿಪಲ್ಯ, ಬಿಸಿ ರೊಟ್ಟಿ ಉಂಡಿದ್ದೇನೆ. ಅವಳ ಸೊಸೆ ಫೋನನ್ನು ಯಾವಾಗಲೂ ಚಾರ್ಜಿಗೆ ಹಾಕಿಡಬೇಕೆಂದು ನಾನು ಹೇಳಿದರೆ, ಮಲ್ಲಮ್ಮ ಸೊಸೆಯ ಕಡೆ ತಿರುಗಿ, ಕೇಳಿದಿ ಏನು ಅನ್ನುತ್ತಿದ್ದಳು.

ಆ ಮಳೆಗಾಲ ನನಗೆ ಒಂದು ದುಡಿಮೆ ಕೊಟ್ಟಿತು. ಸರ್ ಚಳಿಗಾಲದಲ್ಲಿ ಹೊಸ ಹುಡುಗಿಯರ ತಂಡಕ್ಕೆ ಪಾಠ ಹೇಳಲು ನನ್ನನ್ನೇ ನಿಲ್ಲಿಸಿದರು. ಈಗ ನಾನು ಯಾದಗಿರಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸರ್ ಸೆಂಟರ್ ಮುಚ್ಚಿ ಸುರಪುರದಲ್ಲಿ ಮಗಳ ಮನೆಯ ಹತ್ತಿರ ಇದ್ದಾರೆ, ಹಬ್ಬಕ್ಕೆ ಹೋಗಿ ಮಾತಾಡಿಸಿ ಬರುತ್ತೇನೆ. ತಪ್ಪು ಮಾಡಿದ ಹುಡುಗಿಯರು ಅಳುಮುಖ ಮಾಡಿ ಬಂದಾಗ ನಾನೂ ಒಂದು ಹಾಳೆ ಕೊಟ್ಟು ಮೊದಲಿಂದ ಬರಿ ಅನ್ನುತ್ತೇನೆ. ಅದಕ್ಕಿಂತ ದೊಡ್ಡ ದಯೆ ನನಗೆ ಯಾರೂ ತೋರಿಸಿಲ್ಲ.

ಆ ಮಳೆಗಾಲದಲ್ಲೇ, ಗಣೇಶನ ಹಬ್ಬ ಮುಗಿದ ಮೇಲೆ, ಎರಡನೇ ಸಲ ನೀರು ಬಿಡುವ ಸುದ್ದಿ ಬಂತು. ಅವತ್ತೂ ಮುಂಜಾನೆ, ಅವತ್ತೂ ಬಿಸಿಲು. ಪುಟ ತೆರೆದು ಕಡೆಯ ಊರು ಒತ್ತಿದೆ. ಮೊದಲು ತಲೆಯ ಮೇಲಿನ ಎರಡು ಸಂಖ್ಯೆ ನೋಡಿದೆ. ಅರವತ್ತನಾಲ್ಕು, ಅರವತ್ತನಾಲ್ಕು. ಡಾಕ್ಟರು ಒಂದು ಊರು, ಸರ್ ಎರಡು ಊರು ತೆಗೆದುಕೊಂಡರು. ಕಡೆಯ ಊರನ್ನು ನಾನು ಯಾರಿಗೂ ಕೊಡಲಿಲ್ಲ.

ಕುರಿ ಮಲ್ಲಮ್ಮನ ಸಾಲು ಬಂದಾಗ ನಂಬರನ್ನು ಎರಡು ಸಲ ಓದಿ ಒತ್ತಿದೆ. ಎರಡು ಸಲ ರಿಂಗ್ ಆಗುವಷ್ಟರಲ್ಲಿ ಅವಳೇ ಎತ್ತಿದಳು. ಹಿಂದೆ ಕುರಿಗಳ ಸದ್ದು, ಟಗರಿನ ಕೊರಳ ಗಂಟೆ. ನಾನು ಅವ್ವ, ಹೊಳಿ ಬರಾಕತ್ತದ ಅನ್ನುವಷ್ಟರಲ್ಲಿ, ಗೊತ್ತದ, ಆಗಲೇ ಮ್ಯಾಲ ಹತ್ತೀನಿ ಅಂದಳು. ಆದರೂ ಎಲ್ಲವೂ ಬಂದವೇನು, ಮರಿಗಳು ಬಂದವೇನು, ನಿನಗೆ ಆರಾಮ ಅದ ಏನು ಎಂದು ಕೇಳುತ್ತಲೇ ಇದ್ದೆ. ಅವಳು ಎಲ್ಲದಕ್ಕೂ ಹೂಂ ಅಂದಳು. ಆಮೇಲೆ ಕೇಳಿದಳು, "ಸಣ್ಣ ಮಲ್ಲಮ್ಮಗ ಫೋನ್ ಮಾಡಿದಿ ಏನು?"

ಇಲ್ಲ ಅವ್ವ, ಆಕಿ ಹೆಸರು ಇನ್ನೂ ಕೆಳಗದ, ಮಾಡ್ತೀನಿ ಅಂದೆ.

"ಹಂಗಾದ್ರ ಫೋನ್ ಇಡು," ಅಂದಳು. "ನನ್ನ ಕೂಡ ಮಾತಾಡ್ಕೋತ ಕುಂತ್ರ ಆಕಿಗೆ ಯಾವಾಗ ಹೇಳ್ತಿ?"

ಇಟ್ಟೆ. ಮುಂದಿನ ಸಾಲಿಗೆ ಬೆರಳು ಇಳಿಸಿದೆ.